ಮೂರು ತಂತಿಯ ಕೆಲಸ

ಎಲೆಕ್ಟ್ರಿಕ್ ಸೈಕಲ್ಲಿನಲ್ಲಿ ಮೋಟಾರಿಗೆ ಅಪ್ಪಣೆ ಕೊಡುವ ದಾರಿ ಎರಡು. ಮೊದಲನೆಯದು ಪೆಡಲ್ ತುಳಿಯುವುದು. ಪೆಡಲಿನ ಅಚ್ಚಿನ ಸುತ್ತ ಒಂದು ಪ್ಲಾಸ್ಟಿಕ್ ಬಿಲ್ಲೆ ಇರುತ್ತದೆ. ಅದರ ಅಂಚಿನಲ್ಲಿ ಪುಟ್ಟ ಪುಟ್ಟ ಅಯಸ್ಕಾಂತಗಳು, ಬಹುಪಾಲು ಸೈಕಲ್ಲುಗಳಲ್ಲಿ 8 ಅಥವಾ 12. ಪೆಡಲ್ ತಿರುಗಿದಂತೆ ಇವು ಒಂದೊಂದಾಗಿ ಪಕ್ಕದ ಸೆನ್ಸರನ್ನು ದಾಟುತ್ತವೆ. ಸವಾರ ತುಳಿಯುತ್ತಿದ್ದಾನೆ ಎಂಬುದು ಮೋಟಾರನ್ನು ನಿಯಂತ್ರಿಸುವ ಕಂಟ್ರೋಲರಿಗೆ ತಿಳಿಯುವುದು ಹೀಗೆ. ಇದನ್ನು ಪೆಡಲ್ ಅಸಿಸ್ಟ್ ಎನ್ನುತ್ತಾರೆ. ಎರಡನೆಯ ದಾರಿ ಥ್ರಾಟಲ್, ನಮ್ಮ ರಿಪೇರಿ ಅಂಗಡಿಗಳ ಮಾತಿನಲ್ಲಿ ಎಕ್ಸಿಲೇಟರ್. ಹ್ಯಾಂಡಲ್ಲಿನ ಹಿಡಿಯನ್ನು ತಿರುಗಿಸಿದರೆ, ಇಲ್ಲವೇ ಹೆಬ್ಬೆರಳಿನಿಂದ ಒಂದು ಸಣ್ಣ ಸನ್ನೆಯನ್ನು ಒತ್ತಿದರೆ, ಪೆಡಲ್ ಮುಟ್ಟದೆಯೇ ಮೋಟಾರು ತಿರುಗುತ್ತದೆ.

ಪೆಡಲ್ ಅಸಿಸ್ಟ್ ಮಾತ್ರ ಇರುವ ಸೈಕಲ್ ಕೊಂಡವರಿಗೆ ಸ್ವಲ್ಪ ದಿನದಲ್ಲೇ ಥ್ರಾಟಲಿನ ಅಗತ್ಯ ಕಾಣತೊಡಗುತ್ತದೆ. ಕಾಲು ಒತ್ತಿದ ಕೂಡಲೇ ಮೋಟಾರು ಏಳುವುದಿಲ್ಲ. ಬಿಲ್ಲೆ ಅಷ್ಟಿಷ್ಟು ತಿರುಗಬೇಕು. ಸಪಾಟು ರಸ್ತೆಯಲ್ಲಿ ಆ ತಡ ಲೆಕ್ಕಕ್ಕಿಲ್ಲ. ಆದರೆ ಏರಿನಲ್ಲಿ ಸಿಗ್ನಲ್ ಬಿಟ್ಟು ಹಿಂದಿನಿಂದ ಬಸ್ಸು ಹಾರನ್ ಹೊಡೆಯುವಾಗ, ಕ್ಯಾರಿಯರ್ ಮೇಲೆ ಅಕ್ಕಿ ಚೀಲವಿರುವಾಗ, ಮಂಡಿನೋವು ಇರುವಾಗ, ಆ ಮೊದಲ ಅರ್ಧ ಸುತ್ತೇ ದೊಡ್ಡ ಕಷ್ಟ. ಥ್ರಾಟಲ್ ಅದನ್ನು ನಿವಾರಿಸುತ್ತದೆ. ಬೆಲೆಯೂ ಕೆಲವು ನೂರು ರೂಪಾಯಿ ಮಾತ್ರ. ಕೆಲಸ ಬಲ್ಲವರು ಒಂದೆರಡು ಗಂಟೆಯಲ್ಲಿ ಜೋಡಿಸಿಬಿಡುತ್ತಾರೆ. ಆ ಒಂದೆರಡು ಗಂಟೆಯಲ್ಲಿ ಅವರ ಕೈ ಎಲ್ಲೆಲ್ಲಿ ನಿಧಾನವಾಗುತ್ತದೆ ಎಂಬುದನ್ನು ಗಮನಿಸಿದರೆ ಈ ಕಸುಬಿನ ಬಗ್ಗೆ ಗೌರವ ಮೂಡುತ್ತದೆ.

ಮೊದಲು ಥ್ರಾಟಲ್ ಎಂಬ ವಸ್ತುವನ್ನೇ ಬಿಚ್ಚಿ ನೋಡೋಣ. ಪ್ಲಾಸ್ಟಿಕ್ ಕವಚದೊಳಗೆ ಒಂದು ಸುರುಳಿ ಸ್ಪ್ರಿಂಗು, ಬಾಗಿದ ಅಯಸ್ಕಾಂತದ ಒಂದು ತುಂಡು, ಅದರೆದುರು ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಕಪ್ಪು ಚಿಪ್ಪು. ಅಷ್ಟೇ. ಆ ಕಪ್ಪು ಚಿಪ್ಪೇ ಹಾಲ್ ಸೆನ್ಸರ್. 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಎಡ್ವಿನ್ ಹಾಲ್ ಎಂಬ ವಿದ್ಯಾರ್ಥಿ ತೆಳುವಾದ ಚಿನ್ನದ ರೇಕಿನಲ್ಲಿ ವಿದ್ಯುತ್ ಹರಿಸಿ ಅದನ್ನು ಅಯಸ್ಕಾಂತದ ನಡುವೆ ಇಟ್ಟ. ಹರಿಯುತ್ತಿದ್ದ ವಿದ್ಯುತ್ತು ಒಂದು ಪಕ್ಕಕ್ಕೆ ಸರಿದು, ರೇಕಿನ ಎರಡು ಅಂಚುಗಳ ನಡುವೆ ಅತಿ ಸಣ್ಣ ವೋಲ್ಟೇಜು ಕಾಣಿಸಿಕೊಂಡಿತು. ಅಯಸ್ಕಾಂತದ ಬಲ ಹೆಚ್ಚಿದರೆ ಆ ವೋಲ್ಟೇಜೂ ಹೆಚ್ಚುತ್ತದೆ. ಥ್ರಾಟಲ್ ಕೆಲಸ ಮಾಡುವುದು ಇದೇ ತತ್ತ್ವದ ಮೇಲೆ. ಹಿಡಿ ತಿರುಗಿದಂತೆ ಅಯಸ್ಕಾಂತ ಸರಿಯುತ್ತದೆ, ಚಿಪ್ಪು ಅದನ್ನು ಅಳೆದು ವೋಲ್ಟೇಜಾಗಿ ಹೇಳುತ್ತದೆ. ಒಂದಕ್ಕೊಂದು ಉಜ್ಜುವ ಭಾಗವೇ ಅಲ್ಲಿಲ್ಲ, ಹಾಗಾಗಿ ಸೆನ್ಸರು ಸವೆಯುವ ಪ್ರಶ್ನೆಯೂ ಇಲ್ಲ.

ಈ ಚಿಪ್ಪಿನಿಂದ ಹೊರಡುವ ತಂತಿಗಳು ಮೂರು. ಒಂದು 5 ವೋಲ್ಟ್ ತರುವ ತಂತಿ, ಒಂದು ನೆಗೆಟಿವ್, ಮೂರನೆಯದು ಸೂಚನೆ ಒಯ್ಯುವ ತಂತಿ. ಹಿಡಿಯನ್ನು ಮುಟ್ಟದೆ ಬಿಟ್ಟಾಗ ಸೂಚನೆಯ ತಂತಿಯಲ್ಲಿ ಸುಮಾರು 0.8 ವೋಲ್ಟ್ ಇರುತ್ತದೆ; ಪೂರ್ತಿ ತಿರುಗಿಸಿದಾಗ 4ರ ಆಸುಪಾಸಿಗೆ ಏರುತ್ತದೆ. ಶೂನ್ಯದಿಂದ ಆರಂಭವಾಗದೆ ಹೀಗೆ ನಡುವಿನಲ್ಲೇ ಓಡಾಡುವುದರಿಂದ ಒಂದು ಅನುಕೂಲವಿದೆ. ತಂತಿ ಕಡಿದು ಸೂಚನೆ ಶೂನ್ಯಕ್ಕೆ ಬಿದ್ದರೂ, 5ರ ಹತ್ತಿರಕ್ಕೆ ಜಿಗಿದರೂ, ಇದು ಸವಾರನ ಕೈ ಅಲ್ಲ ಎಂದು ಒಳ್ಳೆಯ ಕಂಟ್ರೋಲರ್ ಗುರುತಿಸಿ ಮೋಟಾರಿಗೆ ವಿದ್ಯುತ್ ಕೊಡುವುದನ್ನು ನಿಲ್ಲಿಸುತ್ತದೆ.

ಮೋಟಾರನ್ನು ನಡೆಸುವ ಕರೆಂಟು ಥ್ರಾಟಲ್ ಮೂಲಕ ಹಾಯುವುದೇ ಇಲ್ಲ. 36 ವೋಲ್ಟಿನ ಬ್ಯಾಟರಿ, 250 ವ್ಯಾಟಿನ ಮೋಟಾರು ಎಂದರೆ ದಪ್ಪ ತಂತಿಗಳಲ್ಲಿ ಸುಮಾರು 7 ಆಂಪಿಯರ್ ಹರಿಯುತ್ತದೆ. ಏರಿನಲ್ಲಿ ಅದರ ಎರಡರಷ್ಟೂ ಆಗಬಹುದು. ಥ್ರಾಟಲ್ ಬಳಸುವುದು ಕೆಲವೇ ಮಿಲಿ ಆಂಪಿಯರ್. ಅದರ ಮಾತನ್ನು ಕೇಳಿಸಿಕೊಂಡು ಸೆಕೆಂಡಿಗೆ ಸಾವಿರಾರು ಬಾರಿ ಕರೆಂಟನ್ನು ಬಿಟ್ಟು ಹಿಡಿದು ಮಾಡುವುದು ಕಂಟ್ರೋಲರಿನ ಕೆಲಸ.

ಆದ್ದರಿಂದ ಹೊಸ ಮಾಲೀಕರು ಮೊದಲು ನೋಡಬೇಕಾದ್ದು ತಮ್ಮ ಕಂಟ್ರೋಲರಿಗೆ ಥ್ರಾಟಲಿನ ಮಾತು ಕೇಳಿಸಿಕೊಳ್ಳುವ ಕಿವಿ ಇದೆಯೇ ಎಂಬುದನ್ನು. ಹಿಂದಿನ ಚಕ್ರದ ಹಬ್ಬಿನಲ್ಲಿ ಮೋಟಾರು ಇರುವ ಸೈಕಲ್ಲುಗಳ ಅನೇಕ ಕಂಟ್ರೋಲರುಗಳಲ್ಲಿ ಮೂರು ಪಿನ್ನಿನ ಒಂದು ಸಾಕೆಟ್ ಯಾವುದಕ್ಕೂ ಸಿಕ್ಕಿಸದೆ ಖಾಲಿ ಉಳಿದಿರುತ್ತದೆ. ಕೆಲವದರಲ್ಲಿ ಸಾಕೆಟ್ ಇದ್ದರೂ ಡಿಸ್‌ಪ್ಲೇಯ ಸೆಟ್ಟಿಂಗಿನಲ್ಲಿ ಥ್ರಾಟಲನ್ನು ಗಂಟೆಗೆ 6 ಕಿಲೋಮೀಟರಿಗೆ, ಎಂದರೆ ಸೈಕಲ್ ತಳ್ಳಿಕೊಂಡು ನಡೆಯುವ ವೇಗಕ್ಕೆ, ಮಿತಿಗೊಳಿಸಿರುತ್ತಾರೆ. ಪೆಡಲಿನ ಬಳಿಯೇ ಮೋಟಾರು ಇರುವ ಹಲವು ದುಬಾರಿ ಸೈಕಲ್ಲುಗಳಲ್ಲಿ ಥ್ರಾಟಲಿಗೆ ಜಾಗವೇ ಇಲ್ಲ. ಅವುಗಳ ತಂಟೆಗೆ ಹೋಗದಿರುವುದೇ ವಾಸಿ. ವಾರಂಟಿ ಇರುವ ಸೈಕಲ್ಲಾದರೆ, ಕೈ ಹಚ್ಚುವ ಮೊದಲೇ ಮಾರಿದವರನ್ನು ಕೇಳಬೇಕು.

ಕಾನೂನಿನ ಮಾತನ್ನೂ ಇಲ್ಲೇ ಹೇಳಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಬ್ಯಾಟರಿ ವಾಹನವೊಂದನ್ನು ಮೋಟಾರು ವಾಹನವೆಂದು ಎಣಿಸದಿರಲು ಮೋಟಾರಿನ ಶಕ್ತಿ 250 ವ್ಯಾಟಿಗಿಂತ ಕಡಿಮೆ ಇರಬೇಕು, ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ಇರಬೇಕು. ಅಧಿಕೃತ ಪರೀಕ್ಷಾ ಸಂಸ್ಥೆ ಅದನ್ನು ದೃಢಪಡಿಸಿರಬೇಕು. ಪೆಡಲ್ ಅಸಿಸ್ಟ್ ಸೈಕಲ್ಲುಗಳಿಗೆ ಇರುವ ಷರತ್ತಿನಲ್ಲಿ ತುಳಿಯುವುದು ನಿಂತರೆ ಮೋಟಾರೂ ನಿಲ್ಲಬೇಕು ಎಂಬ ಮಾತಿದೆ. ಥ್ರಾಟಲ್ ಬಂದರೆ ಆ ಷರತ್ತು ಮುರಿಯುತ್ತದೆ. ಹಾಗಾಗಿ ಕಂಪನಿಯೇ ಥ್ರಾಟಲ್ ಸಹಿತ ಮಾರುವ, ಪರೀಕ್ಷೆಗೆ ಒಳಪಟ್ಟ ಮಾದರಿ ಯಾವುದಿದೆಯೋ ಅದಕ್ಕೆ ಹೊಂದುವ ಭಾಗವನ್ನೇ ಹಾಕಿಸುವುದು ಸರಿಯಾದ ದಾರಿ.

ಕೆಲಸಕ್ಕೆ ಬೇಕಾದ ಸಾಮಾನು ಹೆಚ್ಚಿಲ್ಲ. ಬೆಂಗಳೂರಿನಲ್ಲಾದರೆ ಮಲ್ಟಿಮೀಟರ್, ಮೂರು ಪಿನ್ನಿನ ಕನೆಕ್ಟರು, ಹಾಲ್ ಸೆನ್ಸರ್ ಎಲ್ಲವೂ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತವೆ. ಅಲೆನ್ ಕೀ, ಕೇಬಲ್ ಟೈ, ಒಂದು ಸೂಜಿ ಇದ್ದರೆ ಮುಗಿಯಿತು.

‘ಮೊದ್ಲು ಬ್ಯಾಟರಿ ಇಳಿಸ್ಕೊಡಿ ಸಾರ್’ ಎಂದೇ ಅನುಭವಸ್ಥ ಮೆಕ್ಯಾನಿಕ್ಕಿನ ಮಾತು ಶುರುವಾಗುತ್ತದೆ. ಬ್ಯಾಟರಿ ಇಳಿಸಿದ ಮೇಲೂ ಆತ ಸುಮ್ಮನೆ ಪವರ್ ಬಟನ್ ಒಂದು ಸಲ ಒತ್ತುತ್ತಾನೆ. ಕಂಟ್ರೋಲರಿನ ಒಳಗಿರುವ ಕೆಪಾಸಿಟರುಗಳು ಬ್ಯಾಟರಿ ಹೋದ ನಂತರವೂ ಕೊಂಚ ಹೊತ್ತು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ. ಡಿಸ್‌ಪ್ಲೇ ಕ್ಷಣಕಾಲ ಮಿನುಗಿ ಆರುವುದನ್ನು ಕಂಡ ಮೇಲೆಯೇ ಕೈ ತಂತಿಗಳ ಹತ್ತಿರ ಹೋಗುತ್ತದೆ.

ಬಲಗಡೆಯ ಗ್ರಿಪ್ ಕಳಚುವುದು ಮುಂದಿನ ಕೆಲಸ. ಎಳೆದಾಡಿದರೆ ರಬ್ಬರು ಹರಿಯುತ್ತದೆ. ಗ್ರಿಪ್ಪಿನ ಅಂಚಿಗೆ ತೆಳುವಾದ ಕಡ್ಡಿಯೊಂದನ್ನು ತೂರಿಸಿ, ಸಂದಿನಲ್ಲಿ ನಾಲ್ಕು ಹನಿ ಸೋಪಿನ ನೀರು ಬಿಟ್ಟು, ಒಮ್ಮೆ ತಿರುಚಿದರೆ ತಾನಾಗಿ ಜಾರಿ ಬರುತ್ತದೆ. ಹ್ಯಾಂಡಲ್ಲಿನ ಕೊಳವೆಯ ದಪ್ಪ ಬಹುತೇಕ ಎಲ್ಲ ಸೈಕಲ್ಲುಗಳಲ್ಲೂ 22.2 ಮಿಲಿಮೀಟರ್, ಥ್ರಾಟಲಿನ ತೂತೂ ಅಷ್ಟೇ. ಸೋಪಿನ ಪಸೆ ಒಂದಿಷ್ಟೂ ಉಳಿಯದಂತೆ ಒರೆಸಿಯೇ ಥ್ರಾಟಲ್ ಏರಿಸಬೇಕು.

ಥ್ರಾಟಲುಗಳಲ್ಲಿ ಇಡೀ ಹಿಡಿ ತಿರುಗುವುದು, ಅರ್ಧ ಹಿಡಿ ತಿರುಗುವುದು, ಹೆಬ್ಬೆರಳಿನಿಂದ ಒತ್ತುವುದು ಎಂದು ಮೂರು ಬಗೆ. ಹೊಸಬರಿಗೆ ಹೆಬ್ಬೆರಳಿನದೇ ಒಳ್ಳೆಯದು ಎನ್ನುವುದಕ್ಕೆ ಸ್ಪಷ್ಟ ಕಾರಣವಿದೆ. ಸ್ವಿಚ್ ಆಫ್ ಮಾಡುವುದು ಮರೆತು ಸೈಕಲ್ಲನ್ನು ಮೆಟ್ಟಿಲು ಹತ್ತಿಸುವಾಗ, ಗೇಟಿನ ಸಂದಿಯಲ್ಲಿ ತಿರುಗಿಸುವಾಗ ನಾವು ಹಿಡಿಯುವುದು ಗ್ರಿಪ್ಪನ್ನೇ. ಪೂರ್ತಿ ತಿರುಗುವ ಹಿಡಿಯಾದರೆ ಅರಿವಿಲ್ಲದೆ ತಿರುಗಿ ಸೈಕಲ್ಲು ಮುಂದಕ್ಕೆ ನುಗ್ಗಿಬಿಡುತ್ತದೆ.

ಅರ್ಧ ಹಿಡಿಯದನ್ನು ಹಾಕುವುದಾದರೆ, ತಿರುಗುವ ಭಾಗಕ್ಕೂ ಪಕ್ಕದ ಕದಲದ ಗ್ರಿಪ್ಪಿಗೂ ನಡುವೆ ಸುಮಾರು 1 ಮಿಲಿಮೀಟರ್ ಅಂತರ ಬಿಡುತ್ತಾರೆ. ಆ ಕೂದಲಿನಷ್ಟು ಸಂದು ನೋಡುವವರಿಗೆ ಏನೂ ಅಲ್ಲ. ಅದಿಲ್ಲದಿದ್ದರೆ ಗ್ರಿಪ್ಪು ಬಳಕೆಯಲ್ಲಿ ಮೆಲ್ಲನೆ ಒಳಕ್ಕೆ ಸರಿದು ಥ್ರಾಟಲಿಗೆ ತಾಗುತ್ತದೆ. ತಾಗಿದ ಥ್ರಾಟಲು ಬಿಟ್ಟರೂ ಹಿಂದಕ್ಕೆ ಬರುವುದಿಲ್ಲ. ಬ್ರೇಕ್ ಲಿವರನ್ನು ಪೂರ್ತಿ ಹಿಡಿದಾಗ ಅದು ಥ್ರಾಟಲಿಗೆ ತಗಲುತ್ತದೆಯೇ ಎಂಬುದನ್ನೂ ಇದೇ ಹಂತದಲ್ಲಿ ನೋಡುತ್ತಾರೆ. ಆಮೇಲೆ ಸ್ಕ್ರೂ. ಕವಚ ಪ್ಲಾಸ್ಟಿಕ್ಕಿನದಾದ್ದರಿಂದ ಬಿಗಿ ಹೆಚ್ಚಾದರೆ ಬಿರುಕು, ಕಡಿಮೆಯಾದರೆ ಇಡೀ ಥ್ರಾಟಲೇ ಸುತ್ತುತ್ತದೆ. ಅಲೆನ್ ಕೀಯನ್ನು ಎರಡೇ ಬೆರಳಲ್ಲಿ ಹಿಡಿದು ಬಿಗಿ ಮಾಡುವ ಕೈಗೆ ಆ ಅಳತೆ ಗೊತ್ತಿರುತ್ತದೆ.

ಇನ್ನು ತಂತಿಗಳು. ಕೆಂಪು 5 ವೋಲ್ಟ್, ಕಪ್ಪು ನೆಗೆಟಿವ್, ಮೂರನೆಯದು ಬಿಳಿಯೋ ಹಸಿರೋ ನೀಲಿಯೋ: ವಾಡಿಕೆ ಇದು. ಆದರೆ ಬಣ್ಣ ನಂಬಿ ಸೇರಿಸುವವರು ಈ ಕಸುಬಿನಲ್ಲಿ ಬಹಳ ದಿನ ಉಳಿಯಲಾರರು. ಬ್ಯಾಟರಿಯನ್ನು ಮತ್ತೆ ಕೂರಿಸಿ, ಥ್ರಾಟಲ್ ಜೋಡಿಸುವ ಮುನ್ನ, ಕಂಟ್ರೋಲರಿನ ಸಾಕೆಟ್ಟಿಗೆ ಮೀಟರಿನ ಕಡ್ಡಿ ಹಿಡಿದು ಯಾವ ಪಿನ್ನಿನಲ್ಲಿ 5ರ ಹತ್ತಿರದ ವೋಲ್ಟೇಜು ಬರುತ್ತದೆಂದು ಅಳೆಯುತ್ತಾರೆ. ಬ್ಯಾಟರಿಯ ಮಟ್ಟ ತೋರಿಸುವ ದೀಪ, ಬೀಗದ ಕೈ ಇರುವ ಥ್ರಾಟಲುಗಳಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಅವುಗಳಲ್ಲಿ ಮೂರರ ಬದಲು ಐದಾರು ತಂತಿಗಳಿದ್ದು, ಒಂದೆರಡರಲ್ಲಿ ನೇರ ಬ್ಯಾಟರಿಯ 36 ವೋಲ್ಟ್ ಇರುತ್ತದೆ. ಆ ತಂತಿ 5 ವೋಲ್ಟಿನ ಪಿನ್ನಿಗೆ ತಾಗಿತೆಂದರೆ ಕಂಟ್ರೋಲರು ಸುಟ್ಟಿತೆಂದೇ ಲೆಕ್ಕ.

ಪಿನ್ನುಗಳ ಸಾಲು ಹೊಂದದಿದ್ದರೆ ಅವಸರದವರು ತಂತಿ ಕತ್ತರಿಸುತ್ತಾರೆ. ಬಲ್ಲವರು ಸೂಜಿ ತೆಗೆದುಕೊಳ್ಳುತ್ತಾರೆ. ಕನೆಕ್ಟರಿನ ಪ್ರತಿ ಪಿನ್ನಿಗೂ ಹಿಂದೆ ಸರಿಯದಂತೆ ತಡೆಯುವ ಒಂದು ಪುಟ್ಟ ಲೋಹದ ನಾಲಗೆ ಇರುತ್ತದೆ. ಬೆಳಕಿಗೆ ಹಿಡಿದು ಆ ನಾಲಗೆಯನ್ನು ಸೂಜಿಮೊನೆಯಿಂದ ಒತ್ತಿದರೆ ಪಿನ್ನು ತಂತಿಯ ಸಮೇತ ಹಿಂದಿನಿಂದ ಹೊರಗೆ ಬರುತ್ತದೆ. ನಾಲಗೆಯನ್ನು ಮತ್ತೆ ತುಸು ಎತ್ತಿ, ಸರಿಯಾದ ತೂತಿಗೆ ದೂಡಿದಾಗ ‘ಟಿಕ್’ ಎಂದು ಕೂರುತ್ತದೆ. ಕತ್ತರಿಯಿಲ್ಲ, ಬೆಸುಗೆಯಿಲ್ಲ, ಮಳೆಗಾಲದಲ್ಲಿ ತುಕ್ಕು ಹಿಡಿಯಲು ಹೊಸ ಜೋಡಣೆಯೂ ಇಲ್ಲ. ಇಡೀ ಕೆಲಸದಲ್ಲಿ ನನಗೆ ತುಂಬ ಹಿಡಿಸುವ ಭಾಗ ಇದು.

ತಂತಿಯನ್ನು ಹ್ಯಾಂಡಲ್ಲಿನಿಂದ ಚೌಕಟ್ಟಿಗೆ ತರುವಾಗ ಹ್ಯಾಂಡಲ್ಲನ್ನು ಪೂರ್ತಿ ಎಡಕ್ಕೂ ಪೂರ್ತಿ ಬಲಕ್ಕೂ ತಿರುಗಿಸಿ ನೋಡಿ, ಎಳೆತ ಬೀಳದಷ್ಟು ಸಡಿಲ ಬಿಡುತ್ತಾರೆ. ಕನೆಕ್ಟರಿನ ಬಾಯಿ ಕೆಳಮುಖವಾಗಿರಬೇಕು. ಅದಕ್ಕೂ ಮೊದಲು ತಂತಿ ಒಮ್ಮೆ ತಗ್ಗಿಗೆ ಇಳಿದು ಬರಬೇಕು. ಮಳೆನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಇಷ್ಟಾದ ಮೇಲೂ ಸೈಕಲ್ಲನ್ನು ರಸ್ತೆಗೆ ಇಳಿಸುವುದಿಲ್ಲ. ಥ್ರಾಟಲಿನಲ್ಲಿ ಒಂದು ಕೆಟ್ಟ ಸಾಧ್ಯತೆ ಇದೆ: ಮೂರು ತಂತಿಗಳಲ್ಲಿ ನೆಗೆಟಿವ್ ಕಡಿದುಹೋದರೆ ಸೂಚನೆಯ ವೋಲ್ಟೇಜು ಇಳಿಯುವ ಬದಲು 5ರತ್ತ ಏರಿಬಿಡುತ್ತದೆ. ಹಿಡಿ ಬಿಟ್ಟಿದ್ದರೂ ಪೂರ್ತಿ ತಿರುಗಿಸಿದಂತೆ ಕಂಟ್ರೋಲರಿಗೆ ಕೇಳಿಸುತ್ತದೆ. ಕಂಟ್ರೋಲರ್ ಒಳ್ಳೆಯದಾದರೆ ಹಿಡಿದುಹಾಕುತ್ತದೆ, ಅಗ್ಗದ್ದು ಹಿಡಿಯದಿರಬಹುದು. ಆಗ ಸವಾರನನ್ನು ಕಾಯುವುದು ಬ್ರೇಕ್ ಲಿವರಿನ ಒಳಗಿನ ಕಟ್‌ಆಫ್ ಸ್ವಿಚ್ಚು. ಲಿವರು ಕದಲಿದ ಕೂಡಲೇ, ಬ್ರೇಕು ಚಕ್ರವನ್ನು ಹಿಡಿಯುವುದಕ್ಕೂ ಮುಂಚೆ, ಮೋಟಾರಿನ ಕರೆಂಟು ನಿಲ್ಲಬೇಕು. ಪೆಡಲ್ ಅಸಿಸ್ಟ್ ಮಾತ್ರವಿದ್ದಾಗ ಕಾಲು ನಿಲ್ಲಿಸಿದರೆ ಸಾಕಿತ್ತು. ಥ್ರಾಟಲ್ ಬಂದ ಮೇಲೆ ಈ ಸ್ವಿಚ್ಚು ಎರಡೂ ಲಿವರಿನಲ್ಲಿ ಇರಲೇಬೇಕು. ಇಲ್ಲದ ಸೈಕಲ್ಲಿಗೆ ಮೊದಲು ಅದನ್ನು ಹಾಕಿ ಎಂದು ಹೇಳುವ ಮೆಕ್ಯಾನಿಕ್ ಸಿಕ್ಕರೆ ಅವರ ಅಂಗಡಿ ಬಿಡಬೇಡಿ.

ಹಿಂದಿನ ಚಕ್ರ ನೆಲದಿಂದ ಮೇಲಿರುವಂತೆ ಸ್ಟ್ಯಾಂಡಿಗೆ ಏರಿಸಿ ಪರೀಕ್ಷೆ ನಡೆಯುತ್ತದೆ. ಹಿಡಿಯನ್ನು ಕೂದಲೆಳೆಯಷ್ಟು ಕದಲಿಸಿದಾಗ ಚಕ್ರ ತಟಸ್ಥವಾಗಿದ್ದು, ಮತ್ತಷ್ಟು ತಿರುಗಿಸಿದಾಗ ಮೆಲ್ಲನೆ ಏಳಬೇಕು. ಬಿಟ್ಟ ಕೂಡಲೇ ಹಿಡಿ ಸ್ಪ್ರಿಂಗಿನ ಬಲದಿಂದಲೇ ಪೂರ್ತಿ ಹಿಂದಕ್ಕೆ ಬರಬೇಕು. ಚಕ್ರ ತಿರುಗುತ್ತಿರುವಾಗಲೇ ಹ್ಯಾಂಡಲ್ಲನ್ನು ಎರಡೂ ಕಡೆ ಹೊರಳಿಸಿ, ಕನೆಕ್ಟರನ್ನು ಅಲುಗಿಸಿ, ವೇಗ ಏರಿಳಿಯುತ್ತದೆಯೇ ಎಂದು ಕಿವಿಗೊಟ್ಟು ಕೇಳುತ್ತಾರೆ. ಸ್ವಿಚ್ ಆಫ್ ಮಾಡಿ, ಥ್ರಾಟಲ್ ತಿರುಗಿಸಿ ಹಿಡಿದೇ ಮತ್ತೆ ಆನ್ ಮಾಡಿ ನೋಡುವುದೂ ಉಂಟು; ಒಳ್ಳೆಯ ಕಂಟ್ರೋಲರು ಹಾಗೆ ಹಿಡಿದಿರುವಾಗ ಹೊರಡಲು ಒಪ್ಪುವುದಿಲ್ಲ.

ಬಳಸುವವರಿಗೆ ಒಂದು ಲೆಕ್ಕ. 36 ವೋಲ್ಟ್, 7.8 ಆಂಪಿಯರ್ ಅವರಿನ ಬ್ಯಾಟರಿಯಲ್ಲಿರುವುದು ಸುಮಾರು 280 ವ್ಯಾಟ್ ಅವರ್. ಪೆಡಲ್ ಮುಟ್ಟದೆ ಥ್ರಾಟಲಿನಲ್ಲೇ ಹೋದರೆ ಕಿಲೋಮೀಟರಿಗೆ 10ರಿಂದ 12 ಖರ್ಚಾಗಿ, ಇಪ್ಪತ್ತೈದು ಕಿಲೋಮೀಟರಿನ ಆಸುಪಾಸಿನಲ್ಲಿ ಬ್ಯಾಟರಿ ಮುಗಿಯುತ್ತದೆ. ಹೊರಡುವಾಗ, ಏರಿನಲ್ಲಿ ಮಾತ್ರ ಥ್ರಾಟಲ್ ಬಳಸಿ ಉಳಿದಂತೆ ತುಳಿದರೆ ಅದೇ ಚಾರ್ಜು ಇನ್ನೂ ಬಹುದೂರ ಬರುತ್ತದೆ.

ಕೆಲಸ ಮುಗಿದಾಗ ಸ್ಟ್ಯಾಂಡಿನಿಂದ ಇಳಿಸುವ ಮೊದಲು ನೀವೇ ಒಮ್ಮೆ ಥ್ರಾಟಲ್ ತಿರುಗಿಸಿ, ಚಕ್ರ ವೇಗ ಹಿಡಿದ ಮೇಲೆ ಥ್ರಾಟಲ್ ಬಿಡದೆಯೇ ಎಡ ಬ್ರೇಕ್ ಹಿಡಿಯಿರಿ, ಆಮೇಲೆ ಬಲ ಬ್ರೇಕ್. ಎರಡು ಸಲವೂ ಮೋಟಾರು ನಿಂತಿದ್ದನ್ನು ಕಣ್ಣಾರೆ ಕಂಡ ನಂತರವೇ ಹಣ ಕೊಡಿ.