ಪೀಜಿ ಡಾಕ್ಟರ ಕೈಗೆ ಕತ್ತಿ ಯಾವಾಗ ಬರುತ್ತದೆ?

"ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗಬೇಡಿ, ಅಲ್ಲಿ ಕಲಿಯೋ ಹುಡುಗರು ಕೊಯ್ತಾರೆ." ಮನೆಯಲ್ಲಿ ಯಾರಿಗಾದರೂ ಹರ್ನಿಯಾ, ಅಪೆಂಡಿಕ್ಸ್ ಆಪರೇಷನ್ ಅಂದರೆ ಸಾಕು, ನೆಂಟರಲ್ಲಿ ಒಬ್ಬರಾದರೂ ಈ ಮಾತು ಆಡುತ್ತಾರೆ. ಇದನ್ನು ನಂಬಿ ಒಡವೆ ಅಡವಿಟ್ಟು ನರ್ಸಿಂಗ್ ಹೋಮ್ ಸೇರುವವರಿದ್ದಾರೆ. ಹೊಟ್ಟೆನೋವು ಸಹಿಸಿಕೊಂಡು ದಿನ ದೂಡಿ, ಕರುಳು ತೂತಾದ ಮೇಲೆ ಅದೇ ಆಸ್ಪತ್ರೆಯ ಕ್ಯಾಜುವಾಲ್ಟಿಗೆ ಬರುವವರೂ ಇದ್ದಾರೆ. ಹಾಗಾಗಿ ಈ ಮಾತು ಎಷ್ಟು ನಿಜ ಎಂದು ಸಾವಧಾನವಾಗಿ ನೋಡಬೇಕು.

ಮೊದಲನೆಯದಾಗಿ, ಈ 'ಕಲಿಯೋ ಹುಡುಗರು', ಅಂದರೆ ಸ್ನಾತಕೋತ್ತರ ಪದವಿಗೆ ಓದುವ ಪೀಜಿಗಳು, ಬರೀ ವಿದ್ಯಾರ್ಥಿಗಳಲ್ಲ. ನಾಲ್ಕೂವರೆ ವರ್ಷ ಎಂಬಿಬಿಎಸ್ ಓದಿ, 1 ವರ್ಷ ಇಂಟರ್ನ್‌ಶಿಪ್ ಮುಗಿಸಿ, ಮೆಡಿಕಲ್ ಕೌನ್ಸಿಲಿನಲ್ಲಿ ನೋಂದಾಯಿಸಿಕೊಂಡ ವೈದ್ಯರು. ನೀಟ್ ಪೀಜಿ ಬರೆದು 3 ವರ್ಷದ ಎಂ.ಎಸ್. ಅಥವಾ ಡಿಎನ್‌ಬಿಗೆ ಸೇರಿರುತ್ತಾರೆ.

ಎರಡನೆಯದು, ಸೇರಿದ ದಿನವೇ ಅವರ ಕೈಗೆ ಕತ್ತಿ ಕೊಡುವುದಿಲ್ಲ. ಮೊದಲ ವರ್ಷದ ಪೀಜಿಯ ಬಹುಪಾಲು ಹೊತ್ತು ಕಳೆಯುವುದು ವಾರ್ಡಿನಲ್ಲಿ. ಕೇಸ್ ಶೀಟ್ ಬರೆಯಬೇಕು, ರಕ್ತ ತೆಗೆಯಬೇಕು, ಮೂತ್ರದ ಪೈಪು ಹಾಕಬೇಕು, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ದಿನವೂ ಡ್ರೆಸಿಂಗ್ ಮಾಡಬೇಕು. ಆಪರೇಷನ್ ಥಿಯೇಟರಿನಲ್ಲಿ ಅವರ ಪಾಲಿಗೆ ಬರುವುದು ಕೊಯ್ದ ಜಾಗವನ್ನು ಅಗಲಿಸುವ ರಿಟ್ರ್ಯಾಕ್ಟರ್ ಹಿಡಿದು ನಿಲ್ಲುವುದು, ಲ್ಯಾಪರೋಸ್ಕೋಪಿಯಾದರೆ ಕ್ಯಾಮೆರಾ ಹಿಡಿಯುವುದು. ಹಾಸ್ಟೆಲಿಗೆ ಹೋದರೆ ಕುರ್ಚಿಗೆ ದಾರ ಸಿಕ್ಕಿಸಿ ಗಂಟು ಹಾಕುವ ಅಭ್ಯಾಸ. ಕೀವು ತುಂಬಿದ ಕುರು ಕೊಯ್ಯುವುದು, ಕ್ಯಾಜುವಾಲ್ಟಿಯಲ್ಲಿ ಗಾಯಕ್ಕೆ ಹೊಲಿಗೆ ಹಾಕುವುದು ಅವರ ಮೊದಲ ಸ್ವಂತ ಕೆಲಸಗಳು. ದೊಡ್ಡ ಆಪರೇಷನ್ನಿನಲ್ಲಿ ಸಾಮಾನ್ಯವಾಗಿ ಮೊದಲು ಸಿಗುವುದು ಕೊನೆಯ ಘಟ್ಟ, ಅಂದರೆ ಚರ್ಮಕ್ಕೆ ಹೊಲಿಗೆ. ಅದು ಕೈಗೆ ಕೂತ ಮೇಲೆ ಹೊಟ್ಟೆ ತೆರೆಯುವುದು, ಆಮೇಲೆ ನಡುವಿನ ಭಾಗ. ಹೈಡ್ರೋಸೀಲ್, ಹರ್ನಿಯಾ, ಅಪೆಂಡಿಕ್ಸ್ ದಾಟಿ ಕರುಳು ಕತ್ತರಿಸಿ ಜೋಡಿಸುವ ಹಂತ ತಲುಪುವಾಗ ಮೂರನೇ ವರ್ಷವಾಗಿರುತ್ತದೆ, ಎದುರಿಗೆ ಹಿರಿಯ ಸರ್ಜನ್ ನಿಂತಿರುತ್ತಾರೆ. ಏನು ನೋಡಿದೆ, ಯಾವುದಕ್ಕೆ ನೆರವಾದೆ, ಯಾವುದನ್ನು ಸ್ವತಃ ಮಾಡಿದೆ ಎಂದು ಲಾಗ್‌ಬುಕ್ಕಿನಲ್ಲಿ ಬರೆದು ಗುರುಗಳ ಸಹಿ ಹಾಕಿಸಬೇಕು.

ಎಲ್ಲ ಕಡೆಯೂ ಹೀಗೇ ನಡೆಯುತ್ತದೆ ಎಂದು ನಾನು ಹೇಳಲಾರೆ. ಅಧ್ಯಾಪಕರು ಸಾಲದ ಕಾಲೇಜುಗಳಲ್ಲಿ, ಅದರಲ್ಲೂ ರಾತ್ರಿ ಹೊತ್ತು, ಹಿರಿಯರು ಫೋನಿನಲ್ಲಷ್ಟೇ ಸಿಗುವುದುಂಟು. ಅದು ತಪ್ಪು, ಸರಿಪಡಿಸಲೇಬೇಕಾದ ತಪ್ಪು. ಆದರೆ ಕಲಿಯುವವರಿದ್ದಾರೆ ಎಂಬ ಒಂದೇ ಕಾರಣಕ್ಕೆ ಆಸ್ಪತ್ರೆ ಅಪಾಯಕಾರಿ ಆಗುವುದಿಲ್ಲ. ಅಮೆರಿಕದಲ್ಲಿ 65 ದಾಟಿದವರ ಎರಡು ಕೋಟಿಗೂ ಹೆಚ್ಚು ದಾಖಲಾತಿಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 30 ದಿನಗಳೊಳಗಿನ ಸಾವು ದೊಡ್ಡ ಬೋಧನಾ ಆಸ್ಪತ್ರೆಗಳಲ್ಲಿ ಶೇ. 8.3, ಬೋಧನೆಯಿಲ್ಲದ ಆಸ್ಪತ್ರೆಗಳಲ್ಲಿ ಶೇ. 9.5 ಇತ್ತು. ಆ ದೇಶದ ಲೆಕ್ಕವನ್ನು ಇಲ್ಲಿಗೆ ಹಾಗೇ ಹೊಂದಿಸಲಾಗದು ನಿಜ. ಆದರೂ ಒಬ್ಬ ರೋಗಿಯನ್ನು ಹಗಲೂ ರಾತ್ರಿ ಹಲವು ಕಣ್ಣುಗಳು ನೋಡುವುದರಿಂದ ಲಾಭವಿದೆ ಎಂದು ನನಗನ್ನಿಸುತ್ತದೆ.

"ಸರ್ಜನ್ ಅಂದರೆ ಕೈಚಳಕ" ಎಂಬುದೂ ಅರ್ಧ ಸತ್ಯ. ಒಳ್ಳೆಯ ಆಪರೇಷನ್ನಿನಲ್ಲಿ ಮುಕ್ಕಾಲು ಪಾಲು ನಿರ್ಧಾರ, ಕಾಲು ಪಾಲು ಕೈಕೆಲಸ ಎಂದು ಅಮೆರಿಕದ ಸರ್ಜನ್ ಫ್ರ್ಯಾಂಕ್ ಸ್ಪೆನ್ಸರ್ 1978ರಲ್ಲೇ ಲೆಕ್ಕ ಹಾಕಿದ್ದರು. ಹೊಟ್ಟೆನೋವಿನ ರೋಗಿಯನ್ನು ರಾತ್ರಿಯಿಡೀ ಮತ್ತೆ ಮತ್ತೆ ಮುಟ್ಟಿ ನೋಡಿ, ಇದು ಮೇದೋಜೀರಕ ಗ್ರಂಥಿಯ ಊತ, ಈಗ ಕೊಯ್ಯಬಾರದು ಎಂದು ತಿಳಿಯುವುದಕ್ಕೂ ತರಬೇತಿ ಬೇಕು. ನನ್ನ ಮಟ್ಟಿಗೆ ಆ ಪಾಠವೇ ಹೆಚ್ಚು ಕಷ್ಟದ್ದು.

ಮೂರು ವರ್ಷ ಸಾಕೇ? ಅಮೆರಿಕದಲ್ಲಿ 5 ವರ್ಷ, ಕನಿಷ್ಠ 850 ಆಪರೇಷನ್ ಮಾಡಿರಬೇಕು. ನಮ್ಮಲ್ಲಿ ಎಂ.ಎಸ್. ಆದ ಮೇಲೆ ಹಲವರು ಸೀನಿಯರ್ ರೆಸಿಡೆಂಟ್ ಆಗಿ ಮುಂದುವರಿದು ಪಳಗುತ್ತಾರೆ. ಪದವಿ ಬಂದ ದಿನವೇ ಕಲಿಕೆ ಮುಗಿಯಿತು ಎಂದುಕೊಳ್ಳುವುದು ತಪ್ಪು.

ಇವೆಲ್ಲಕ್ಕಿಂತ ಹೆಚ್ಚು ಕೆಡುಕು ಮಾಡಿರುವ ನಂಬಿಕೆಯೊಂದು ವೈದ್ಯರಲ್ಲೇ ಇದೆ: ನಿದ್ದೆಗೆಟ್ಟು ದುಡಿದವನೇ ಗಟ್ಟಿ ಸರ್ಜನ್ ಆಗುತ್ತಾನೆ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ 1889ರಿಂದ ರೆಸಿಡೆನ್ಸಿ ಎಂಬ ಈ ತರಬೇತಿ ಪದ್ಧತಿಯನ್ನು ಕಟ್ಟಿದ ವಿಲಿಯಂ ಹಾಲ್‌ಸ್ಟೆಡ್ ತಮ್ಮ ರೆಸಿಡೆಂಟರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡಿದ್ದರು. ಸ್ವತಃ ಹಾಲ್‌ಸ್ಟೆಡ್ ಕೊಕೇನಿಗೆ, ಬಳಿಕ ಮಾರ್ಫಿನ್ನಿಗೆ ದಾಸರಾಗಿದ್ದರು ಎಂಬುದನ್ನು ಈ ಪದ್ಧತಿಯನ್ನು ಹೊಗಳುವವರು ನೆನೆಯುವುದು ಕಡಿಮೆ. 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದ ಪ್ರಕಾರ, 24 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇ. 0.10 ಮದ್ಯಾಂಶ ಇದ್ದವರಷ್ಟು ಕುಸಿಯುತ್ತದೆ. ನಮ್ಮ ದೇಶದಲ್ಲಿ ವಾಹನ ಓಡಿಸಲು ಇರುವ ಮಿತಿ ಶೇ. 0.03. ಬೈಕ್ ಓಡಿಸಬಾರದ ಸ್ಥಿತಿಯಲ್ಲಿರುವವರಿಂದ ಹೊಟ್ಟೆ ಕೊಯ್ಯಿಸುತ್ತಿದ್ದೇವೆ.

ನಿಯಮಗಳಿಗೆ ಕೊರತೆಯಿಲ್ಲ. ಸತತ ಕರ್ತವ್ಯ ಸಾಮಾನ್ಯವಾಗಿ 12 ಗಂಟೆ ಮೀರಬಾರದು, ವಾರಕ್ಕೆ 48 ಗಂಟೆ ಎಂದು ಕೇಂದ್ರದ ರೆಸಿಡೆನ್ಸಿ ಯೋಜನೆ 1992ರಲ್ಲೇ ಹೇಳಿತ್ತು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮಾವಳಿಯಲ್ಲಿ ವಾರದ ರಜೆಯ ಮಾತಿದೆ. ಅದರದೇ ಕಾರ್ಯಪಡೆ 2024ರಲ್ಲಿ ವಾರಕ್ಕೆ 74 ಗಂಟೆ ಮೀರಬಾರದೆಂದು ಶಿಫಾರಸು ಮಾಡಿತು. ಹೀಗಿದ್ದೂ ಡ್ಯೂಟಿ ದಿನ ಬೆಳಿಗ್ಗೆ ವಾರ್ಡಿಗೆ ಬಂದ ಪೀಜಿ ಮರುದಿನ ಸಂಜೆಯವರೆಗೂ ದುಡಿಯುವುದು ಅನೇಕ ಕಡೆ ಮಾಮೂಲು.

ಆದ್ದರಿಂದ ಬೋಧನಾ ಆಸ್ಪತ್ರೆಗೆ ಹೋಗಲು ಅಂಜಬೇಡಿ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಎರಡು ಪ್ರಶ್ನೆ ಕೇಳಿ: ಆಪರೇಷನ್ ಯಾರು ಮಾಡುತ್ತಾರೆ? ಅವರ ಪಕ್ಕದಲ್ಲಿ ಯಾವ ಹಿರಿಯರು ಇರುತ್ತಾರೆ? ಕೇಳುವುದು ನಿಮ್ಮ ಹಕ್ಕು. ಪೀಜಿಗಳು ಕೆಲಸದ ಅವಧಿ ಕಡಿಮೆ ಮಾಡಿ ಎಂದು ಬೇಡಿಕೆ ಇಟ್ಟಾಗ ಅವರ ಪರವಾಗಿಯೂ ದಯವಿಟ್ಟು ದನಿ ಎತ್ತಿ.