ನಲವತ್ತೈದರ ಗೆರೆ: ಹುಬ್ಬಳ್ಳಿ-ಧಾರವಾಡದಿಂದ ವಿದೇಶಕ್ಕೆ ಹೊರಡುವವರ ಲೆಕ್ಕ

ತುಮಕೂರು ಜಿಲ್ಲೆ ಶಿರಾ ತಾಲ್ಲೂಕಿನ ಚಂದ್ರ ಆರ್ಯ ಧಾರವಾಡದಲ್ಲಿ ಎಂಬಿಎ ಓದಿದವರು. 1963ರಲ್ಲಿ ಹುಟ್ಟಿದ ಅವರು ಕೆನಡಾಕ್ಕೆ ಹೋಗಿ ನೆಲೆಸಿದ್ದು 2006ರಲ್ಲಿ, 43ರ ಆಸುಪಾಸಿನಲ್ಲಿ. 2015ರಲ್ಲಿ ಅಲ್ಲಿನ ಸಂಸತ್ತಿಗೆ ಆಯ್ಕೆಯಾದರು. 2022ರ ಮೇ ತಿಂಗಳಲ್ಲಿ ಅವರು ಆ ಸದನದಲ್ಲಿ ಕನ್ನಡದಲ್ಲಿ ಮಾತಾಡಿದ ವಿಡಿಯೊವನ್ನು ನಾವೆಲ್ಲ ಹೆಮ್ಮೆಯಿಂದ ನೋಡಿದೆವು. ನಲವತ್ತು ದಾಟಿದ ಮೇಲೂ ಹೋಗಿ ಬೇರೂರಬಹುದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಆದರೆ 2006ರ ನಿಯಮವನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಆಗ ಕೆನಡಾದ ನುರಿತ ಕೆಲಸಗಾರರ ವರ್ಗದಲ್ಲಿ 21ರಿಂದ 49 ವರ್ಷದ ಎಲ್ಲರಿಗೂ ವಯಸ್ಸಿನ ಬಾಬ್ತಿನಲ್ಲಿ 10ಕ್ಕೆ 10 ಅಂಕ. 2013ರಲ್ಲಿ ಆ ಅಂಕಪಟ್ಟಿ ಬದಲಾಯಿತು, 2015ರಲ್ಲಿ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಹೊಸ ಅಂಕಪದ್ಧತಿ ಬಂತು. ಈಗ ಸಂಗಾತಿಯೊಂದಿಗೆ ಅರ್ಜಿ ಹಾಕುವ 43ರ ವ್ಯಕ್ತಿಗೆ ವಯಸ್ಸಿಗಾಗಿ ಸಿಗುವುದು 100ಕ್ಕೆ 15.

ಹುಬ್ಬಳ್ಳಿಯ ವಿದ್ಯಾನಗರದಲ್ಲೋ ಧಾರವಾಡದ ಸಪ್ತಾಪುರದಲ್ಲೋ ನಲವತ್ತರ ಗಂಡ-ಹೆಂಡತಿ ಕೂತು ‘ಹೋಗೋಣೇನು’ ಎಂದು ಮಾತಾಡುವಾಗ ಮೊದಲು ಬರುವ ಪ್ರಶ್ನೆ ದುಡ್ಡಿನದು. ಎಷ್ಟು ಲಕ್ಷ ಬೇಕು, ಮನೆ ಮಾರಬೇಕೋ, ಸಾಲ ಸಿಗುತ್ತದೋ. ನನ್ನ ಪ್ರಕಾರ ಮೊದಲು ಹಿಡಿಯಬೇಕಾದದ್ದು ವರ್ಷಗಳ ಲೆಕ್ಕ. ಖರ್ಚಾದ ದುಡ್ಡನ್ನು ಮತ್ತೆ ದುಡಿಯಬಹುದು. ಅಂಕಪಟ್ಟಿಯಲ್ಲಿ ಹೋದ ವರ್ಷ, ಪಿಂಚಣಿಯಲ್ಲಿ ಕಡಿಮೆಯಾದ ವರ್ಷ, ಮಕ್ಕಳ ಶಾಲೆಯಲ್ಲಿ ತಪ್ಪಿದ ವರ್ಷ ವಾಪಸ್ ಬರುವುದಿಲ್ಲ.

ಕೆನಡಾದಿಂದಲೇ ಶುರುಮಾಡೋಣ. ಸಂಗಾತಿ ಇರುವ ಅರ್ಜಿದಾರರಿಗೆ 29ರವರೆಗೆ ವಯಸ್ಸಿನ ಅಂಕ 100. 30ರಿಂದ ವರ್ಷಕ್ಕೆ 5ರಂತೆ ಇಳಿಯುತ್ತದೆ. 35ಕ್ಕೆ 70, 40ಕ್ಕೆ 45. ಅಲ್ಲಿಂದ ಇಳಿತ ಇಮ್ಮಡಿ: 41ಕ್ಕೆ 35, 42ಕ್ಕೆ 25, 43ಕ್ಕೆ 15, 44ಕ್ಕೆ 5. 45ಕ್ಕೆ ಸೊನ್ನೆ.

ಒಬ್ಬರ ಲೆಕ್ಕವನ್ನು ಪೂರ್ತಿ ಬಿಡಿಸಿ ನೋಡೋಣ. ವಯಸ್ಸು 42, ಸ್ನಾತಕೋತ್ತರ ಪದವಿ, 3 ವರ್ಷಕ್ಕಿಂತ ಹೆಚ್ಚಿನ ಅನುಭವ, ಐಇಎಲ್‌ಟಿಎಸ್‌ನಲ್ಲಿ ಆಲಿಸುವುದಕ್ಕೆ 8, ಉಳಿದ ಮೂರಕ್ಕೆ 7. ಸಂಗಾತಿ ಪದವೀಧರರು, ಇಂಗ್ಲಿಷ್ ಮಧ್ಯಮ ಮಟ್ಟದ್ದು. ವಯಸ್ಸಿಗೆ 25, ಓದಿಗೆ 126, ಭಾಷೆಗೆ 116, ಓದು-ಅನುಭವ-ಭಾಷೆಗಳ ಜೋಡಣೆಗೆ 100, ಸಂಗಾತಿಯ ಕಡೆಯಿಂದ 20. ಒಟ್ಟು 387. ಇದೇ ವ್ಯಕ್ತಿ 30ರಲ್ಲಿ ಇದೇ ಅರ್ಹತೆಯೊಂದಿಗೆ ಅರ್ಜಿ ಹಾಕಿದ್ದರೆ 457. ಕೆನಡಾದಲ್ಲಿ ಈಗಾಗಲೇ ದುಡಿದವರಿಗಾಗಿ 2025ರಲ್ಲಿ ನಡೆದ ಆಹ್ವಾನ ಸುತ್ತುಗಳ ಕಟ್‌ಆಫ್ 500 ದಾಟಿತ್ತು. 2025ರ ಮಾರ್ಚ್ 25ರಿಂದ ಉದ್ಯೋಗದ ಆಫರ್‌ಗೆ ಕೊಡುತ್ತಿದ್ದ ಅಂಕವನ್ನೂ ತೆಗೆದುಹಾಕಿದರು.

ಈ 387ರೊಳಗೆ ಒಂದು ಸೂಕ್ಷ್ಮವಿದೆ. ಬರವಣಿಗೆಯಲ್ಲಿ 7ರ ಬದಲು 6.5 ಬಂತೆನ್ನಿ. ಭಾಷೆಯ ಬಾಬ್ತಿನಲ್ಲಿ ಹೋಗುವುದು 7 ಅಂಕ ಮಾತ್ರ. ಆದರೆ ನಾಲ್ಕೂ ವಿಭಾಗ ಒಂದೇ ಮಟ್ಟ ಮುಟ್ಟಲಿಲ್ಲ ಎಂಬ ಕಾರಣಕ್ಕೆ ಜೋಡಣೆಯ 100 ಅಂಕ 50ಕ್ಕೆ ಇಳಿಯುತ್ತದೆ. ಅರ್ಧ ಬ್ಯಾಂಡಿಗೆ 57 ಅಂಕ ನಷ್ಟ. 40ರಿಂದ 45ರವರೆಗಿನ ಐದು ಹುಟ್ಟುಹಬ್ಬಗಳು ಸೇರಿ ಕಳೆಯುವುದು 45. ಸುಮಾರು 18 ಸಾವಿರ ರೂಪಾಯಿಯ ಪರೀಕ್ಷೆಯನ್ನು ಇನ್ನೊಮ್ಮೆ ಬರೆಯಲು ಹಿಂದೆಮುಂದೆ ನೋಡುವವರಿಗೆ ನಾನು ತೋರಿಸುವುದು ಇದೇ ಲೆಕ್ಕವನ್ನು.

ಹಾಗಾದರೆ 387 ಇದ್ದವರು ಏನು ಮಾಡಬೇಕು? ಯಾವುದಾದರೂ ಪ್ರಾಂತ್ಯ ನಾಮನಿರ್ದೇಶನ ಮಾಡಿದರೆ 600 ಅಂಕ ಸೇರುತ್ತದೆ, ಅಲ್ಲಿಗೆ ಚಿಂತೆ ಮುಗಿಯಿತು. ಅದು ನಮ್ಮ ಕೈಯಲ್ಲಿಲ್ಲ. ಕೈಯಲ್ಲಿರುವುದು ಫ್ರೆಂಚ್. ನಾಲ್ಕೂ ವಿಭಾಗಗಳಲ್ಲಿ 7ನೇ ಹಂತ ಮುಟ್ಟಿದರೆ ಎರಡನೇ ಭಾಷೆಗೆ 12, ಹೆಚ್ಚುವರಿ 50, ಒಟ್ಟು 62 ಅಂಕ. ಕಲಿಯಲು ಒಂದೂವರೆ ವರ್ಷ ಹಿಡಿದು ಅಷ್ಟರಲ್ಲಿ 43 ತುಂಬಿದರೂ 387ರಿಂದ 10 ಕಳೆದು 62 ಕೂಡಿದರೆ 439. ಫ್ರೆಂಚ್ ಬಲ್ಲವರಿಗಾಗಿಯೇ 2025ರ ಮಾರ್ಚ್ 21ರಂದು ನಡೆದ ಸುತ್ತಿನ ಕಟ್‌ಆಫ್ 379. ಎಲ್ಲ ಸುತ್ತುಗಳೂ ಇಷ್ಟು ಕೆಳಗಿಳಿಯುವುದಿಲ್ಲ. ಆದರೂ ನಲವತ್ತು ದಾಟಿದವರಿಗೆ ಕೆನಡಾದ ಬಾಗಿಲು ಎಲ್ಲಾದರೂ ಅಷ್ಟಿಷ್ಟು ತೆರೆದಿದ್ದರೆ ಅದು ಇಲ್ಲಿಯೇ. ಏಜೆಂಟರಿಗೆ ಕೊಡುವ ದುಡ್ಡನ್ನು ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ನ ತರಗತಿಗೆ ಕೊಡಿ ಎಂದು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ.

ಕಾಗದಪತ್ರದ ಕೆಲಸಕ್ಕೂ ತಿಂಗಳುಗಳನ್ನು ಎಣಿಸಿಡಬೇಕು. ನಮ್ಮ ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ ಓದಿದ ಎಂಜಿನಿಯರುಗಳನ್ನೇ ತೆಗೆದುಕೊಳ್ಳಿ. 1998ರಲ್ಲಿ ಬೆಳಗಾವಿಯ ವಿಟಿಯು ಶುರುವಾಗುವ ಮುಂಚೆ ಸೇರಿದವರ ಪದವಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದು, ಆಮೇಲೆ ಸೇರಿ ಈಗ ನಲವತ್ತರ ಆಸುಪಾಸಿನಲ್ಲಿರುವವರದು ವಿಟಿಯುದ್ದು. ಹೀಗಾಗಿ ಒಂದೇ ಕಾಲೇಜಿನ 50ರ ಅಣ್ಣ ಮತ್ತು 42ರ ತಮ್ಮ ಬೇರೆ ಬೇರೆ ಊರಿನ ಕಚೇರಿಗಳ ಮುಂದೆ ನಿಲ್ಲಬೇಕು. ಪದವಿ ಮೌಲ್ಯಮಾಪನಕ್ಕೆ ಕಳಿಸುವ ಅಂಕಪಟ್ಟಿಗಳ ಪ್ರತಿ ವಿಶ್ವವಿದ್ಯಾಲಯದ ಲಕೋಟೆಯಲ್ಲೇ ಇರಬೇಕು, ಅಂಟಿಸಿದ ಜಾಗದ ಮೇಲೆ ಮೊಹರು ಬಿದ್ದಿರಬೇಕು, ಅರ್ಜಿದಾರರು ಅದನ್ನು ಒಡೆಯುವ ಹಾಗಿಲ್ಲ. ಕೆನಡಾಕ್ಕೆ ಪದವಿ ಮೌಲ್ಯಮಾಪನ 5 ವರ್ಷ ಊರ್ಜಿತ, ಭಾಷಾ ಪರೀಕ್ಷೆ 2 ವರ್ಷ. ಆದ್ದರಿಂದ ಲಕೋಟೆಯ ಕೆಲಸ ಮೊದಲು, ಪರೀಕ್ಷೆ ಆಮೇಲೆ.

ಇನ್ನು ದುಡ್ಡು. ಲೆಕ್ಕ ಸುಲಭವಾಗಲೆಂದು ಕೆನಡಾ ಡಾಲರಿಗೆ 60 ರೂಪಾಯಿ, ಆಸ್ಟ್ರೇಲಿಯಾ ಡಾಲರಿಗೆ 55, ಪೌಂಡಿಗೆ 115, ದಿರ್ಹಮ್‌ಗೆ 24 ಎಂದು ದುಂಡಗೆ ಹಿಡಿದಿದ್ದೇನೆ. ಗಂಡ, ಹೆಂಡತಿ, ಇಬ್ಬರು ಮಕ್ಕಳು. 2024ರ ಏಪ್ರಿಲ್ 30ರಿಂದ ಜಾರಿಗೆ ಬಂದ ದರದಂತೆ ಕೆನಡಾಕ್ಕೆ ದೊಡ್ಡವರಿಗೆ ತಲಾ 1,525 ಡಾಲರ್, ಮಕ್ಕಳಿಗೆ ತಲಾ 260, ಬೆರಳಚ್ಚಿಗೆ ಕುಟುಂಬಕ್ಕೆ 170. ಒಟ್ಟು 3,740 ಡಾಲರ್, ಸುಮಾರು 2.24 ಲಕ್ಷ ರೂಪಾಯಿ. ಇದು ಖರ್ಚು. ಖಾತೆಯಲ್ಲಿ ತೋರಿಸಬೇಕಾದ ಹಣ ಬೇರೆ: ನಾಲ್ವರಿಗೆ 2025ರ ಜುಲೈ ಲೆಕ್ಕದಲ್ಲಿ 28,362 ಡಾಲರ್, ಸುಮಾರು 17 ಲಕ್ಷ. ಸಾಲದ ಹಣವನ್ನು ಇಲ್ಲಿ ತೋರಿಸುವಂತಿಲ್ಲ.

ಬ್ರಿಟನ್ನಿನದು ಬೇರೆ ಬಗೆ. ಅಲ್ಲಿ ಆರೋಗ್ಯ ಸರ್‌ಚಾರ್ಜನ್ನು ವೀಸಾದ ಅಷ್ಟೂ ವರ್ಷಗಳಿಗೆ ಮುಂಗಡ ಕಟ್ಟಬೇಕು. ವರ್ಷಕ್ಕೆ ದೊಡ್ಡವರಿಗೆ 1,035 ಪೌಂಡ್, ಮಕ್ಕಳಿಗೆ 776. ನಾಲ್ವರಿಗೆ 5 ವರ್ಷಕ್ಕೆ 18,110 ಪೌಂಡ್. ವೀಸಾ ಶುಲ್ಕ 2025ರ ದರದಲ್ಲಿ ತಲಾ 1,519ರಂತೆ 6,076. ಎರಡೂ ಸೇರಿ 24,186 ಪೌಂಡ್, ಹತ್ತಿರ ಹತ್ತಿರ 28 ಲಕ್ಷ ರೂಪಾಯಿ. ಕಂಪನಿ ಕಟ್ಟದಿದ್ದರೆ ವಿಮಾನ ಹತ್ತುವ ಮೊದಲೇ ಇಷ್ಟು ಕೈಬಿಡುತ್ತದೆ. 2025ರ ಜುಲೈ 22ರಿಂದ ನುರಿತ ಕೆಲಸಗಾರರ ಸಾಮಾನ್ಯ ವೇತನ ಮಿತಿ 41,700 ಪೌಂಡಿಗೆ ಏರಿದೆ. ಕೇರ್ ವರ್ಕರ್ ಕೆಲಸಕ್ಕೆ ಹೊರದೇಶದಿಂದ ಹೊಸಬರನ್ನು ಕರೆಸುವುದು ಅದೇ ದಿನ ನಿಂತಿದೆ. ಆ ಕೆಲಸದ ಆಸೆ ತೋರಿಸಿ ಈಗಲೂ ದುಡ್ಡು ಕೇಳುವವರಿದ್ದರೆ ಎದ್ದು ಬನ್ನಿ.

ಆಸ್ಟ್ರೇಲಿಯಾ 45ರ ಗೆರೆಯನ್ನು ಖಡಾಖಂಡಿತವಾಗಿ ಎಳೆದಿದೆ: ಅಂಕ ಆಧಾರಿತ ವೀಸಾಗೆ ಆಹ್ವಾನ ಬರುವ ದಿನ 45 ತುಂಬಿರಬಾರದು. 33ರಿಂದ 39ಕ್ಕೆ 25 ಅಂಕ, 40ರಿಂದ 44ಕ್ಕೆ 15. ಕನಿಷ್ಠ 65 ಬೇಕು. ನಾಲ್ವರ ಶುಲ್ಕ 2025ರ ಜುಲೈ ದರದಲ್ಲಿ 9,825 ಡಾಲರ್, ಸುಮಾರು 5.4 ಲಕ್ಷ. ನ್ಯೂಜಿಲೆಂಡ್ 55ರವರೆಗೂ ಬಾಗಿಲು ಮುಚ್ಚಿಲ್ಲ. ಜರ್ಮನಿ 45 ದಾಟಿ ಮೊದಲ ಸಲ ಬರುವ ನುರಿತ ನೌಕರರಿಂದ ಮುಪ್ಪಿನ ಪಿಂಚಣಿಯ ಪುರಾವೆ ಕೇಳುತ್ತದೆ, ಇಲ್ಲವೇ 2025ರ ಲೆಕ್ಕದಲ್ಲಿ ವರ್ಷಕ್ಕೆ 53,130 ಯೂರೋ ಸಂಬಳ ಇರಬೇಕು.

ಕೊಲ್ಲಿ ದೇಶಗಳಲ್ಲಿ ಅಂಕಪಟ್ಟಿಯಿಲ್ಲ, ದುಬೈನ ಸಂಬಳಕ್ಕೆ ಆದಾಯ ತೆರಿಗೆಯಿಲ್ಲ. ಅಲ್ಲಿ ಕಡಿಮೆ ಬೀಳುವುದು ಮುಪ್ಪಿನ ಬುತ್ತಿ. ನಮ್ಮವರಿಗೆ ಅಲ್ಲಿ ಪಿಂಚಣಿ ಇಲ್ಲ, ಇರುವುದು ಗ್ರಾಚ್ಯುಟಿ. ಮೊದಲ 5 ವರ್ಷ ವರ್ಷಕ್ಕೆ 21 ದಿನದ ಮೂಲವೇತನ, ಆಮೇಲೆ ವರ್ಷಕ್ಕೆ 30 ದಿನದ್ದು. 45ಕ್ಕೆ ಹೋಗಿ 55ಕ್ಕೆ ಮರಳುವವರ ಮೂಲವೇತನ 10,000 ದಿರ್ಹಮ್ ಎಂದಿಟ್ಟುಕೊಂಡರೆ 35,000 ಮತ್ತು 50,000 ಸೇರಿ 85,000 ದಿರ್ಹಮ್, ಅಂದರೆ 20.4 ಲಕ್ಷ ರೂಪಾಯಿ. ಅದೇ ವ್ಯಕ್ತಿ 60,000 ರೂಪಾಯಿ ಮೂಲವೇತನದ ಮೇಲೆ ಇಲ್ಲೇ ಇದ್ದರೆ ನೌಕರ-ಮಾಲೀಕ ಇಬ್ಬರ ಪಾಲೂ ಸೇರಿ ಪಿಎಫ್‌ಗೆ ತಿಂಗಳಿಗೆ 13,150 ಬೀಳುತ್ತದೆ, 8.25ರ ಬಡ್ಡಿಯಲ್ಲಿ 10 ವರ್ಷಕ್ಕೆ ಸುಮಾರು 24 ಲಕ್ಷ. ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ನಿಮ್ಮದೇ ದುಡ್ಡು ಎಂಬುದು ನಿಜ. ಆದರೆ ಅದು ಕೇಳದೆಯೇ ಕೂಡುತ್ತದೆ. ದುಬೈನಲ್ಲಿ ಕೂಡಿಸುವವರು ನೀವೇ. ಮನೆ ಬಾಡಿಗೆ, ಶಾಲೆಯ ಫೀಸು ಕಳೆದು ತಿಂಗಳಿಗೆ ಇಷ್ಟು ಉಳಿಸುತ್ತೇನೆ ಎಂದು ಮೊದಲೇ ಬರೆದುಕೊಳ್ಳದವರು ಬರಿಗೈಯಲ್ಲಿ ಬರುವ ಅಪಾಯ ದೊಡ್ಡದು.

ಕೆನಡಾದ ಮುಪ್ಪಿನ ಪಿಂಚಣಿಗೂ ವರ್ಷಗಳೇ ಅಳತೆ. 18ರ ನಂತರ ಅಲ್ಲಿ 40 ವರ್ಷ ಇದ್ದವರಿಗೆ ಪೂರ್ತಿ; 2025ರ ಕೊನೆಗೆ ಅದು ತಿಂಗಳಿಗೆ 740 ಡಾಲರ್ ಆಸುಪಾಸು. 45ಕ್ಕೆ ಹೋಗಿ 65ರವರೆಗೆ ಇದ್ದವರಿಗೆ ಅರ್ಧ, ಅದೇ ಲೆಕ್ಕದಲ್ಲಿ ತಿಂಗಳಿಗೆ 22 ಸಾವಿರ ರೂಪಾಯಿ. ಹುಬ್ಬಳ್ಳಿಗೆ ಮರಳಿ ಅದನ್ನು ಪಡೆಯಬೇಕೆಂದರೆ ಅಲ್ಲಿ 20 ವರ್ಷ ಕಳೆದಿರಬೇಕು. 2015ರ ಆಗಸ್ಟ್ 1ರಿಂದ ಜಾರಿಯಲ್ಲಿರುವ ಭಾರತ-ಕೆನಡಾ ಒಪ್ಪಂದದಿಂದಾಗಿ ಇಲ್ಲಿ ಕಟ್ಟಿದ ವರ್ಷಗಳನ್ನು ಅರ್ಹತೆಗೆ ಸೇರಿಸಿಕೊಳ್ಳಲು ಬರುತ್ತದೆ, ಮೊತ್ತ ಮಾತ್ರ ಅಲ್ಲಿದ್ದ ವರ್ಷಗಳಷ್ಟೇ. ಇದಕ್ಕೇ, ಹೊರಡುವ ಮುಂಚೆ ಪಿಎಫ್ ಪೂರ್ತಿ ತೆಗೆದು ಇಪಿಎಸ್ (ನೌಕರರ ಪಿಂಚಣಿ ಯೋಜನೆ) ಸೇವಾವಧಿಯನ್ನು ಅಳಿಸಿಕೊಳ್ಳಬೇಡಿ. 10 ವರ್ಷ ತುಂಬಿದ್ದರೆ 58ಕ್ಕೆ ಇಲ್ಲಿನ ಪಿಂಚಣಿಯೂ ಬರುತ್ತದೆ.

ಮಕ್ಕಳದು ಇನ್ನೊಂದು ಎಣಿಕೆ. ಕರ್ನಾಟಕದ ಸಿಇಟಿ ಸೀಟಿಗೆ ಸಾಮಾನ್ಯ ನಿಯಮದಂತೆ ರಾಜ್ಯದಲ್ಲಿ ಕನಿಷ್ಠ 7 ವರ್ಷ ಓದಿರಬೇಕು. ನಾಲ್ಕನೇ ತರಗತಿ ಮುಗಿಸಿ ದುಬೈಗೆ ಹೋದ ಮಗು ಪಿಯುಸಿಗೆ ಧಾರವಾಡಕ್ಕೆ ಮರಳಿದರೆ 4ಕ್ಕೆ 2 ಕೂಡಿ 6. ಒಂದು ವರ್ಷ ಕಡಿಮೆ. ಹೆತ್ತವರ ಓದನ್ನು ಆಧರಿಸಿದ ಬೇರೆ ಕಲಮುಗಳಿವೆ. ಅದಕ್ಕೆ ಅಪ್ಪ-ಅಮ್ಮನ ಶಾಲಾ ದಾಖಲೆ ಬೇಕಾಗುತ್ತದೆ. ಹೊಲಕ್ಕೂ ಇಂಥದೇ ಗಡುವಿದೆ: ನವಲಗುಂದ, ಕುಂದಗೋಳದ ಕಡೆ ಹೊಲ ಕೊಳ್ಳುವ ಮನಸ್ಸಿದ್ದವರು ಹೊರಡುವ ಮುಂಚೆಯೇ ಕೊಳ್ಳಬೇಕು. ಅನಿವಾಸಿಯಾದ ಮೇಲೆ ಕೃಷಿ ಭೂಮಿ ಪಿತ್ರಾರ್ಜಿತವಾಗಿ ಬರಬಹುದು, ಕೊಳ್ಳಲು ಬರುವುದಿಲ್ಲ.

ಎಲ್ಲಕ್ಕಿಂತ ಭಾರದ್ದು ಮನೆಯಲ್ಲಿ ಉಳಿಯುವ ಹಿರಿಯರ ವಿಷಯ. ಹೆತ್ತವರನ್ನು ಶಾಶ್ವತವಾಗಿ ಕರೆಸಿಕೊಳ್ಳುವ ಯೋಜನೆಗೆ ಕೆನಡಾ 2025ರಲ್ಲೂ 2020ರಲ್ಲಿ ಹೆಸರು ಕೊಟ್ಟವರ ಪಟ್ಟಿಯಿಂದಲೇ ಆಹ್ವಾನ ಕಳಿಸಿತು. ಹೆತ್ತವರು ಅಲ್ಲಿನ ಸೂಪರ್ ವೀಸಾದಲ್ಲಿ ಒಮ್ಮೆಗೆ 5 ವರ್ಷ ಇರಬಹುದು. ಕನಿಷ್ಠ 1 ಲಕ್ಷ ಡಾಲರಿನ ಆರೋಗ್ಯ ವಿಮೆ ಬೇಕು. 75 ದಾಟಿದವರಿಗೆ ಅದರ ಕಂತು ಎಷ್ಟಾಗುತ್ತದೆಂದು ಅರ್ಜಿಗೆ ಮುಂಚೆಯೇ ಕೇಳಿಕೊಳ್ಳಿ. ಆಸ್ಟ್ರೇಲಿಯಾದಲ್ಲಿ ಹಣ ಕಟ್ಟಿ ಕರೆಸುವ ವೀಸಾಕ್ಕೆ ಒಬ್ಬರಿಗೇ 48 ಸಾವಿರ ಡಾಲರ್ ಮೇಲೆ, ಅಂದರೆ 26 ಲಕ್ಷಕ್ಕೂ ಹೆಚ್ಚು; ಕಾಯುವುದು ಹತ್ತು ವರ್ಷ ಮೀರುತ್ತದೆ. ದುಬೈಯಿಂದಾದರೆ ಬೆಂಗಳೂರಿಗೆ ಸುಮಾರು 4 ತಾಸು, ಅಲ್ಲಿಂದ ವಂದೇ ಭಾರತ್‌ನಲ್ಲಿ ಹುಬ್ಬಳ್ಳಿಗೆ ಸುಮಾರು 5 ತಾಸು. ಒಂದೇ ದಿನದಲ್ಲಿ ಆಸ್ಪತ್ರೆಯ ಬಾಗಿಲು ಮುಟ್ಟಬಹುದು. ಟೊರಾಂಟೊದಿಂದ ಅದು ಆಗದ ಮಾತು.

ಹಾಗಾಗಿ ನನ್ನ ನಿಲುವು ಇಷ್ಟು. 40ರೊಳಗಿದ್ದು ಊರಲ್ಲಿ ಅಣ್ಣನೋ ತಂಗಿಯೋ ಇದ್ದರೆ ಕೆನಡಾ, ಆಸ್ಟ್ರೇಲಿಯಾಕ್ಕೆ ಈ ವರ್ಷವೇ ಅರ್ಜಿ ಹಾಕಿ, ಮುಂದಿನ ಹುಟ್ಟುಹಬ್ಬಕ್ಕೆ ಕಾಯಬೇಡಿ. 40ರಿಂದ 44ರವರು ಫ್ರೆಂಚ್ ಇಲ್ಲದೆ ಕೆನಡಾಕ್ಕೆ ದುಡ್ಡು ಸುರಿಯಬೇಡಿ. 45 ದಾಟಿದವರಿಗೆ ಕೊಲ್ಲಿ, ಅದೂ ಮರಳುವ ವರ್ಷವನ್ನು ಗೊತ್ತುಮಾಡಿಕೊಂಡು. ಒಬ್ಬರೇ ಮಕ್ಕಳಾಗಿದ್ದು ತಾಯಿಯೋ ತಂದೆಯೋ 75 ದಾಟಿದ್ದರೆ ದೂರದ ದೇಶ ಬೇಡ. ಈ ಕೊನೆಯ ಮಾತಿಗೆ ಯಾವ ದೇಶದ ಪಟ್ಟಿಯಲ್ಲೂ ಅಂಕವಿಲ್ಲ, ನನ್ನ ಲೆಕ್ಕದಲ್ಲಿ ಮಾತ್ರ ಅದಕ್ಕೇ ಹೆಚ್ಚು.