ತಡವರಿಸುವ ಮಗುವಿಗೆ ಸದ್ದಿನ ಚಿತ್ರಗಳು

ಮಗ್ರಿಬ್ ನಮಾಝ್ ಮುಗಿಸಿ ತಾಯಿ ಮಗನನ್ನು ಓದಿಸಲು ಕೂರಿಸುತ್ತಾಳೆ. ಎರಡನೇ ತರಗತಿಯ ಹುಡುಗ. "ಸಿ, ಎ, ಟಿ" ಎಂದು ಒಂದೊಂದೇ ಅಕ್ಷರವನ್ನು ಸರಿಯಾಗಿಯೇ ಹೇಳುತ್ತಾನೆ. "ಸೇರಿಸಿ ಓದು ನೋಡೋಣ" ಎಂದರೆ ಮೌನ. ಪಕ್ಕದಲ್ಲಿ ಬೆಕ್ಕಿನ ಚಿತ್ರವಿದ್ದರೆ "ಕ್ಯಾಟ್" ಎನ್ನುತ್ತಾನೆ. ಚಿತ್ರವನ್ನು ಕೈಯಿಂದ ಮುಚ್ಚಿದರೆ ತಾಯಿಯ ಮುಖ ನೋಡುತ್ತಾನೆ. ಮೊದಲು ಗದರಿಕೆ, ನಂತರ ಏಟು, ಕೊನೆಗೆ ಇಬ್ಬರ ಕಣ್ಣಲ್ಲೂ ನೀರು. "ನಿನ್ನ ತಂಗಿಯನ್ನಾದರೂ ನೋಡಿ ಕಲಿ" ಎಂಬ ಮಾತೂ ಬಂದುಬಿಡುತ್ತದೆ.

ಇಂತಹ ದೃಶ್ಯ ಅನೇಕ ಮನೆಗಳಲ್ಲಿದೆ. ಆದರೆ ಆ ಮಗು ದಡ್ಡನೂ ಅಲ್ಲ, ಸೋಮಾರಿಯೂ ಅಲ್ಲ. ಅಕ್ಷರವನ್ನು ಕಣ್ಣಿನಿಂದ ಗುರುತಿಸಿದರೂ ಅದರ ಸದ್ದು ಅವನ ಕಿವಿಗೆ ಕೇಳಿಸುತ್ತಿಲ್ಲ. ಕಣ್ಣು ಮತ್ತು ಕಿವಿಯ ನಡುವೆ ಒಂದು ಸೇತುವೆ ಬೇಕಾಗಿದೆ. ಆ ಸೇತುವೆಯನ್ನು ತಾಯಿಯೇ ಮನೆಯಲ್ಲಿ ಕಟ್ಟಬಹುದು.

ಹೆಸರು ಬೇರೆ, ಸದ್ದು ಬೇರೆ

ಕನ್ನಡದಲ್ಲಿ 'ಮ' ಎಂಬ ಅಕ್ಷರದ ಹೆಸರೂ 'ಮ', ಸದ್ದೂ 'ಮ'. ಇಂಗ್ಲಿಷ್ ಹಾಗಲ್ಲ. 'ಎಚ್' ಎಂಬ ಹೆಸರಿನ ಅಕ್ಷರ ಮಾಡುವ ಸದ್ದು 'ಹ್'. 'ಡಬ್ಲ್ಯೂ' ಮಾಡುವ ಸದ್ದು 'ವ್'. 26 ಅಕ್ಷರಗಳು ಸೇರಿ ಸುಮಾರು 44 ಸದ್ದುಗಳನ್ನು ಹೊರಡಿಸುತ್ತವೆ. "ಸಿ, ಎ, ಟಿ" ಎಂದು ನೂರು ಸಲ ಹೇಳಿದರೂ "ಕ್ಯಾಟ್" ಹುಟ್ಟುವುದಿಲ್ಲ. 'ಕ್', 'ಆ್ಯ', 'ಟ್' ಎಂಬ ಸದ್ದುಗಳನ್ನು ಕೂಡಿಸಿದಾಗ ಮಾತ್ರ ಹುಟ್ಟುತ್ತದೆ. ಸದ್ದಿನ ಮೂಲಕ ಓದು ಕಲಿಸುವ ಈ ವಿಧಾನಕ್ಕೆ ಫೋನಿಕ್ಸ್ ಎನ್ನುತ್ತಾರೆ. ಇಂಗ್ಲೆಂಡಿನಲ್ಲಿ 2012ರಿಂದ ಆರು ವರ್ಷದ ಆಸುಪಾಸಿನ ಮಕ್ಕಳು ಸದ್ದು ಕೂಡಿಸಿ ಓದಬಲ್ಲರೇ ಎಂದು ಶಾಲೆಗಳಲ್ಲಿ ಪರೀಕ್ಷಿಸಲಾಗುತ್ತಿದೆ.

ಇದು ನಮಗೆ ಹೊಸದೇನಲ್ಲ. ಮದ್ರಸದಲ್ಲಿ ಉಸ್ತಾದರು ಮಗುವಿಗೆ ಮಖ್ರಜ್ ಕಲಿಸುವಾಗ ನಾಲಿಗೆ ಎಲ್ಲಿ ತಾಗಬೇಕು, ಸದ್ದು ಗಂಟಲಿನಿಂದ ಬರಬೇಕೋ ತುಟಿಯಿಂದಲೋ ಎಂದು ತೋರಿಸುತ್ತಾರೆ. ಬಾಯಿ ಮತ್ತು ಗಂಟಲಿನ ಚಿತ್ರ ಬರೆದು ಅಕ್ಷರಗಳ ಸ್ಥಾನ ಗುರುತಿಸಿದ ನಕ್ಷೆಗಳನ್ನೂ ನಾವು ನೋಡಿದ್ದೇವೆ. ಅಕ್ಷರವನ್ನು ಸದ್ದಾಗಿ ಕಲಿಸುವ ಈ ಜಾಣ್ಮೆಯನ್ನು ಶಾಲೆಯ ಪಾಠಕ್ಕೂ ತರಬೇಕು, ಅಷ್ಟೇ.

ಚಿತ್ರ ಎಲ್ಲಿರಬೇಕು?

ಚಿತ್ರ ಬಳಸಿ ಅಕ್ಷರ ಕಲಿಸುವ ಯೋಚನೆ ಬಹಳ ಹಳೆಯದು. 1658ರಲ್ಲಿ ಕೊಮೆನಿಯಸ್ ಎಂಬ ಶಿಕ್ಷಣ ತಜ್ಞ ಮಕ್ಕಳಿಗಾಗಿ ಒಂದು ಚಿತ್ರಪುಸ್ತಕ ಪ್ರಕಟಿಸಿದ. ಅದರ ಮೊದಲಲ್ಲಿ ಕಾಗೆ, ಕುರಿಮರಿ, ಹಾವು ಮುಂತಾದ ಪ್ರಾಣಿಗಳ ಚಿತ್ರವಿಟ್ಟು, ಅವು ಹೊರಡಿಸುವ ಸದ್ದಿನ ಮೂಲಕ ಅಕ್ಷರ ಪರಿಚಯಿಸಿದ್ದ.

ನಮ್ಮ ಗೋಡೆಯ ಚಾರ್ಟುಗಳಲ್ಲಿ ಮಾತ್ರ ಅಕ್ಷರ ಒಂದು ಕಡೆ, ಚಿತ್ರ ಇನ್ನೊಂದು ಕಡೆ. ಮಗು ಸೇಬನ್ನು ನೋಡುತ್ತದೆ, ಅಕ್ಷರವನ್ನು ಬಿಟ್ಟುಬಿಡುತ್ತದೆ. ಅಮೆರಿಕದ ಸಂಶೋಧಕಿ ಲಿನಿಯಾ ಎರಿ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಕ್ಷರದ ಆಕಾರದೊಳಗೇ ಚಿತ್ರ ಬರೆದು ಕಲಿಸಿದ ಮಕ್ಕಳು, ಚಿತ್ರವನ್ನು ಬೇರೆಯಾಗಿಟ್ಟು ಕಲಿತವರಿಗಿಂತ ಚೆನ್ನಾಗಿ ಸದ್ದನ್ನು ನೆನಪಿಟ್ಟುಕೊಂಡರು. 'ಎಸ್' ಅಕ್ಷರಕ್ಕೆ ಕಣ್ಣು, ನಾಲಿಗೆ ಬರೆದು ಹಾವು ಮಾಡಿದರೆ ಸಾಕು. ಮಗುವಿಗೆ ಆಕಾರವೂ ನೆನಪು, 'ಸ್ಸ್' ಎಂಬ ಬುಸುಗುಟ್ಟುವಿಕೆಯೂ ನೆನಪು.

ಕನ್ನಡದ ಹಳೆಯ ಮೇಷ್ಟರುಗಳಿಗೂ ಇದು ಗೊತ್ತಿತ್ತು ಎನಿಸುತ್ತದೆ. ಕಾಗುಣಿತದ ಚಿಹ್ನೆಗಳಿಗೆ ಇಳಿ, ಗುಡಿಸು, ಕೊಂಬು ಎಂಬ ಹೆಸರುಗಳೇ ಇವೆಯಲ್ಲ! 'ಕು' ಬರೆದು ಕೊಂಬಿಗೆ ಬಣ್ಣ ಹಚ್ಚಿ, 'ಕಿ' ಬರೆದು ಗುಡಿಸಿಗೆ ಗುಡಿಸಲಿನ ಮಾಡು ಬರೆಯಿಸಿ. ಮಗು ಮರೆಯದು.

ನಮ್ಮ ಮಕ್ಕಳ ವಿಶೇಷ ಕಷ್ಟ

ನಮ್ಮ ಅನೇಕ ಮಕ್ಕಳ ಮನೆಮಾತು ಉರ್ದು, ಬ್ಯಾರಿ ಅಥವಾ ನವಾಯತಿ. ಶಾಲೆಯಲ್ಲಿ ಕನ್ನಡ, ಇಂಗ್ಲಿಷ್. ಮದ್ರಸದಲ್ಲಿ ಅರಬಿ. ಎಳೆಯ ತಲೆಗೆ ಒಮ್ಮೆಲೇ ಮೂರು ಲಿಪಿಗಳು! 'ಇ'ಗೆ ಇಲಿಯ ಚಿತ್ರ ತೋರಿಸಿದರೆ ಉರ್ದು ಮನೆಯ ಮಗು "ಚೂಹಾ" ಎನ್ನುತ್ತದೆ. 'ಆ'ಗೆ ಆನೆ ತೋರಿಸಿದರೆ "ಹಾಥಿ". ತಪ್ಪು ಮಗುವಿನದಲ್ಲ, ಚಾರ್ಟಿನದು.

ಆದ್ದರಿಂದ ಹೆಸರಿನ ಚಿತ್ರಕ್ಕಿಂತ ಸದ್ದಿನ ಚಿತ್ರ ಮೇಲು. ಹಾವಿಗೆ ಯಾವ ಭಾಷೆಯಲ್ಲಿ ಯಾವ ಹೆಸರಿದ್ದರೂ ಅದು ಬುಸುಗುಡುವುದು ಒಂದೇ ರೀತಿ. ಅದೇ ಹಾವು ಇಂಗ್ಲಿಷಿನ 'ಎಸ್', ಕನ್ನಡದ 'ಸ', ಅರಬಿಯ 'ಸೀನ್' ಮೂರಕ್ಕೂ ಸಲ್ಲುತ್ತದೆ. ಆದರೆ ಮೂರನ್ನೂ ಒಂದೇ ದಿನ ಕಲಿಸಬೇಡಿ. ಒಂದು ಲಿಪಿಯಲ್ಲಿ ಗಟ್ಟಿಯಾದ ಮೇಲೆ ಇನ್ನೊಂದು.

ಮನೆಯಲ್ಲೇ ತಯಾರಿಸಿ

ಇದಕ್ಕೆ ಹಣ ಖರ್ಚಾಗದು. ಹಳೆಯ ಮದುವೆ ಕಾಗದಗಳ ಹಿಂಬದಿ, ಸ್ಕೆಚ್ ಪೆನ್ ಸಾಕು.

* ಇಂಗ್ಲಿಷಿನಲ್ಲಿ 'ಎಸ್, ಎ, ಟಿ, ಐ, ಪಿ, ಎನ್' ಈ ಆರರಿಂದ ಆರಂಭಿಸಿ. ಇಷ್ಟರಿಂದಲೇ ಸಿಟ್, ಪಿನ್, ಟ್ಯಾಪ್ ಮುಂತಾದ ಪದಗಳನ್ನು ಓದಬಹುದು. ದಿನಕ್ಕೊಂದು ಅಕ್ಷರ ಮೀರಬೇಡಿ.

* ಸದ್ದಿಗೆ ಕೈಸನ್ನೆಯೂ ಇರಲಿ. 'ಎಮ್'ಗೆ ಹೊಟ್ಟೆ ಸವರುತ್ತಾ 'ಮ್ಮ್', 'ಎಚ್'ಗೆ ಬಾಯಿಯ ಮುಂದೆ ಅಂಗೈ ಹಿಡಿದು ಏದುಸಿರಿನ 'ಹ್'.

* 'ಬಿ', 'ಡಿ' ಸಣ್ಣಕ್ಷರಗಳು ಅದಲುಬದಲಾದರೆ ಎರಡೂ ಮುಷ್ಟಿ ಬಿಗಿದು, ಹೆಬ್ಬೆರಳು ಮೇಲೆತ್ತಿ, ಗೆಣ್ಣುಗಳನ್ನು ಜೋಡಿಸಲು ಹೇಳಿ. ಮಂಚದ ಆಕಾರ ಬರುತ್ತದೆ. ಎಡಗೈ 'ಬಿ', ಬಲಗೈ 'ಡಿ'. ನಡುವೆ 'ಬೆಡ್'.

* ಕಾಗದದಲ್ಲಿ ಮೂರು ಚೌಕ ಬರೆದು ಮೂರು ಹುಣಸೆ ಬೀಜ ಕೊಡಿ. 'ಕ್' ಎಂದಾಗ ಒಂದು ಬೀಜ, 'ಆ್ಯ' ಎಂದಾಗ ಇನ್ನೊಂದು, 'ಟ್' ಎಂದಾಗ ಮತ್ತೊಂದು ಚೌಕಕ್ಕೆ ಸರಿಸಲಿ. ಸದ್ದನ್ನು ಹೀಗೆ ಕಣ್ಣಿಗೆ ಕಾಣಿಸುವ ಚೌಕಗಳ ವಿಧಾನವನ್ನು ರೂಪಿಸಿದವರು ರಷ್ಯಾದ ಮನಶ್ಶಾಸ್ತ್ರಜ್ಞ ಎಲ್ಕೊನಿನ್.

* ಸದ್ದು ನೆನಪಾದ ಬಳಿಕ ಚಿತ್ರವಿಲ್ಲದ ಕಾರ್ಡು ತೋರಿಸಿ. ಚಿತ್ರ ಊರುಗೋಲು ಮಾತ್ರ. ನಡೆಯಲು ಕಲಿತ ಮೇಲೆ ಅದನ್ನು ಬಿಡಿಸಬೇಕು.

* ದಿನಕ್ಕೆ ಹತ್ತೇ ನಿಮಿಷ. ಮಗು "ಇನ್ನೊಂದು" ಎನ್ನುವಾಗಲೇ ನಿಲ್ಲಿಸಿ.

ತಜ್ಞರ ಬಳಿ ಯಾವಾಗ?

ಮೊದಲು ಮಗುವಿನ ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಕೆಲವು ತಿಂಗಳು ತಪ್ಪದೆ ಹೇಳಿಕೊಟ್ಟರೂ ಪ್ರಗತಿ ಕಾಣದಿದ್ದರೆ ಅದು ಡಿಸ್ಲೆಕ್ಸಿಯಾ ಇರಬಹುದು. ಇದು ಹುಚ್ಚಲ್ಲ, ದೃಷ್ಟಿ ತಾಗಿದ್ದೂ ಅಲ್ಲ. ಓದಿಗೆ ಸಂಬಂಧಿಸಿದ ಕಲಿಕೆಯ ತೊಂದರೆ. ಬುದ್ಧಿವಂತ ಮಕ್ಕಳಲ್ಲೂ ಇರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದರ ತಪಾಸಣೆ ನಡೆಯುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದನ್ನು ಅಂಗೀಕರಿಸಿದೆ. ಪ್ರಮಾಣಪತ್ರವಿದ್ದರೆ ಬೋರ್ಡ್ ಪರೀಕ್ಷೆಗಳಲ್ಲಿ ಹೆಚ್ಚುವರಿ ಸಮಯದಂತಹ ಸೌಲಭ್ಯ ಸಿಗುತ್ತದೆ. "ಜನ ಏನೆಂದುಕೊಂಡಾರು" ಎಂದು ಮುಚ್ಚಿಟ್ಟರೆ ನಷ್ಟ ಮಗುವಿಗೆ.

ಕುರ್‌ಆನನ್ನು ಸಲೀಸಾಗಿ ಓದುವವರ ಸ್ಥಾನ ಉನ್ನತವೆಂದು ತಿಳಿಸಿದ ಪ್ರವಾದಿಯವರು(ಸ), ತಡವರಿಸುತ್ತಾ ಕಷ್ಟಪಟ್ಟು ಓದುವವರಿಗೆ ಎರಡು ಪ್ರತಿಫಲವಿದೆಯೆಂದೂ ತಿಳಿಸಿದ್ದಾರೆ. ತಡವರಿಸುವವರನ್ನು ಅವರು ಗದರಿಸಲಿಲ್ಲ, ಸಂತೈಸಿದರು. ನಮ್ಮ ಮನೆಯಲ್ಲಿ ಪುಸ್ತಕ ಹಿಡಿದು ತಡವರಿಸುತ್ತಿರುವ ಆ ಪುಟ್ಟ ಕಂದನಿಗೂ ನಮ್ಮಿಂದ ಸಿಗಬೇಕಾದುದು ಅದೇ. ಇಂದು ಮಗ್ರಿಬ್ ಬಳಿಕ ಬೆತ್ತವನ್ನು ಬದಿಗಿಟ್ಟು ಒಂದು ಹಾವು ಬರೆಯಿರಿ. ಮಗು ಬುಸುಗುಡಲಿ. ಓದು ಅಲ್ಲಿಂದ ಶುರುವಾಗಲಿ.